ರಜೆಯಲ್ಲಿ ಬಂದವನ ಗೋಲು

ಮೆಲ್ಕಾರಿನ ಅಂಗಡಿಯವರು ಒಣಸಿಗಡಿ ಕಟ್ಟಿಕೊಡುವ ಪೇಪರನ್ನು ನಾನು ಬಿಸಾಡುವುದಿಲ್ಲ. ಸಿಗಡಿಯನ್ನು ಡಬ್ಬಿಗೆ ಸುರಿದು, ಪೇಪರಿನ ಮೂಲೆಯಲ್ಲಿ ಎಲ್ಲಾದರೂ ಫುಟ್ಬಾಲ್ ಸುದ್ದಿ ಇದೆಯೇ ಎಂದು ಹುಡುಕುತ್ತೇನೆ. ಇವತ್ತು ಬೆಳಿಗ್ಗೆ ಸಿಕ್ಕಿತು. ನಮ್ಮ ಲೀಗಿನ ಈ ಸಲದ ಮೊದಲ ಪಂದ್ಯ, ನಾಲ್ಕೇ ಸಾಲು, ಮೀನಿನ ವಾಸನೆ ಸಮೇತ. ನೀವು ನಗಬಹುದು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ, ಆಫ್‌ಸೈಡ್ ಎಂದರೇನೆಂದು ಇಂದಿಗೂ ಸರಿಯಾಗಿ ಗೊತ್ತಿಲ್ಲದ ಹೆಂಗಸಿಗೆ ಈ ಚಟ ಹೇಗೆ ಹಿಡಿಯಿತೆಂದು ನಮ್ಮ ಮನೆಯವರೂ ಕೇಳುತ್ತಾರೆ.

ಹಿಡಿಸಿದವರು ಯೂಸುಫ್ ಮಾಸ್ಟ್ರು. ನಮ್ಮ ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತಂಡಗಳನ್ನು ಸೇರಿಸಿ ವರ್ಷಕ್ಕೊಮ್ಮೆ ಲೀಗ್ ನಡೆಸುತ್ತಿದ್ದ ಕಾರ್ಯದರ್ಶಿಯೂ ಅವರೇ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ರೆಫ್ರಿಯನ್ನು ಬಸ್‌ಸ್ಟ್ಯಾಂಡಿನಿಂದ ಸ್ಕೂಟರಿನಲ್ಲಿ ಕರೆತರುವುದು, ಆಟ ಮುಗಿದ ಮೇಲೆ ಪೇಪರಿಗೆ ವರದಿ ಬರೆದು ಕಳಿಸುವುದು, ಎಲ್ಲ ಅವರದ್ದೇ ಕೆಲಸ. ಶಾಲೆಯಿಂದ ನಿವೃತ್ತಿಯಾದ ಮೇಲೆ ಒಂದು ದಿನ ಹಳೆಯ ಪೇಪರಿನ ತುಂಡುಗಳ ದೊಡ್ಡ ಕಟ್ಟು ಹಿಡಿದುಕೊಂಡು ಮನೆಗೆ ಬಂದರು.

"ಟೀಚರ್, ಆ ಇಂಟರ್‌ನೆಟ್ಟಿನ ವಿಶ್ವಕೋಶದಲ್ಲಿ ಲೋಕದ ಲೀಗ್ ಎಲ್ಲ ಉಂಟು. ನಮ್ಮದು ಮಾತ್ರ ಇಲ್ಲ. ನಿಮ್ಮ ಕನ್ನಡ ಒಳ್ಳೆಯದು. ಒಂದೊಂದು ವರ್ಷಕ್ಕೆ ಒಂದೊಂದು ಪುಟ ಮಾಡುವ," ಎಂದರು.

ಕನ್ನಡ ಒಳ್ಳೆಯದು ಎಂದವರಿಗೆ ನಾನು ಎಂದೂ ಇಲ್ಲ ಎಂದದ್ದಿಲ್ಲ. ಕೂತು ಬರೆದೆ. 'ಮಿಂಚಿನ ವೇಗದಲ್ಲಿ ಧಾವಿಸಿದ ಚೆಂಡು ಬಲೆಯನ್ನು ಚುಂಬಿಸಿತು' ಎಂಬ ನನ್ನ ವಾಕ್ಯವನ್ನು ಓದಿ ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ಚುಂಬನ ಎಲ್ಲ ಬೇಡ ಟೀಚರ್. ಮಕ್ಕಳು ಓದ್ತಾರೆ," ಎಂದರು. ಅವರು ಬಿಟ್ಟದ್ದನ್ನು ಇನ್ನೊಬ್ಬರು ಅಳಿಸಿದರು. ಆ ವಿಶ್ವಕೋಶದಲ್ಲಿ ಯಾರು ಬರೆದದ್ದನ್ನೂ ಯಾರು ಬೇಕಾದರೂ ತಿದ್ದಬಹುದು. 'ಮರಕುಟಿಗ' ಎಂದು ಹೆಸರಿಟ್ಟುಕೊಂಡ ಯಾರೋ ಒಬ್ಬರು ನನ್ನ ವಿಶೇಷಣಗಳನ್ನೆಲ್ಲ ಕುಕ್ಕಿ ಕುಕ್ಕಿ ತೆಗೆದರು. ಮಕ್ಕಳ ಪ್ರಬಂಧಕ್ಕೆ ಕೆಂಪು ಶಾಯಿ ಹಚ್ಚಿದ ಕೈ ನನ್ನದು. ಈಗ ನನಗೇ ಹಚ್ಚಿದರು. ಎರಡು ದಿನ ಕೋಪ ಮಾಡಿಕೊಂಡೆ, ಮೂರನೆಯ ದಿನ ಮತ್ತೆ ಬರೆಯಲು ಕೂತೆ.

ಇನ್ನು ನಮ್ಮ ಲೀಗಿನ ಒಂದು ಪದ್ಧತಿ ಹೇಳಬೇಕು. ಗಲ್ಫಿನಲ್ಲಿ ದುಡಿಯುವ ನಮ್ಮ ಹುಡುಗರು ರಜೆಯಲ್ಲಿ ಬರುವಷ್ಟರಲ್ಲಿ ಆಟಗಾರರ ಪಟ್ಟಿ ಮುಚ್ಚಿರುತ್ತದೆ. ಆದರೆ ನಲವತ್ತು ದಿನಕ್ಕೆ ಬಂದವನು ಗೆರೆಯಾಚೆ ನಿಂತು ಆಟ ನೋಡುವುದನ್ನು ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ತಂಡಕ್ಕೆ ಒಬ್ಬನಂತೆ, ಪಟ್ಟಿಯಲ್ಲಿರುವ ತಮ್ಮನದ್ದೋ ಭಾವನದ್ದೋ ಅಂಗಿ ತೊಟ್ಟು, ಅವನದ್ದೇ ಹೆಸರಿನಲ್ಲಿ ಆಡಿಬಿಡುತ್ತಾನೆ. ಎದುರು ತಂಡದಲ್ಲೂ ಅಂಥವನೊಬ್ಬ ಇರುವುದರಿಂದ ಯಾರೂ ಬಾಯಿ ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಮೂಡುಬಿದಿರೆಯಲ್ಲಿ ಪಾಣೆಮಂಗಳೂರಿಗೂ ಬೆಳುವಾಯಿಗೂ ಫೈನಲ್ ಆದಾಗ ಪಾಣೆಮಂಗಳೂರಿನ ನಜೀರನ ಕಾಲು ಉಳುಕಿತ್ತು. ದಮಾಮಿನಿಂದ ಬಂದಿದ್ದ ಅಣ್ಣ ಅಶ್ರಫ್ ಅವನ ಅಂಗಿ ತೊಟ್ಟು ಆಡಿ, ಗೆಲುವಿನ ಗೋಲು ಹೊಡೆದ. ಬೆಳುವಾಯಿಯ ಗೋಲ್‌ಕೀಪರ್ ಶೆಟ್ಟರ ಹುಡುಗನೂ ಕುವೈತಿನಿಂದ ಬಂದವನೇ. ಮಾಸ್ಟ್ರು ವರದಿಯಲ್ಲಿ 'ನಜೀರ್' ಎಂದು ಬರೆದರು. ಪೇಪರು ಹಾಗೇ ಅಚ್ಚು ಹಾಕಿತು. ಪೇಪರು ನೋಡಿ ನಾನೂ ಹಾಗೇ ಬರೆದೆ.

ಅಶ್ರಫನ ಮಗಳು ಸಫಾ ಆ ಫೈನಲಿನ ಹೊತ್ತಿಗೆ ಅಂಗನವಾಡಿಗೆ ಹೋಗುತ್ತಿದ್ದಳು. ಶಾಲೆಗೆ ಸೇರಿದ ಮೇಲೆ ಒಮ್ಮೆ 'ನನ್ನ ತಂದೆ' ಎಂಬ ಪ್ರಬಂಧ ಬರೆದು, ಉಪ್ಪ ಫೈನಲಿನಲ್ಲಿ ಗೋಲು ಹೊಡೆದದ್ದನ್ನು ಓದಿದಳು. ಉಪ್ಪ ಎಂದರೆ ಬ್ಯಾರಿಗಳ ಮನೆಯಲ್ಲಿ ಅಪ್ಪ. ತರಗತಿಯ ಯಾರೋ ನನ್ನ ಪುಟ ತೆರೆದು, ಹೊಡೆದದ್ದು ನಿನ್ನ ಚಿಕ್ಕಪ್ಪ ಎಂದು ತೋರಿಸಿದರು. ಹೊಡೆದದ್ದು ಅಣ್ಣನೇ ಎಂದು ನಜೀರನೇ ಹೇಳಿದರೂ ಅವಳು ನಂಬಲಿಲ್ಲ, ಅಣ್ಣನ ಮಾನ ಉಳಿಸಲು ಹೇಳುತ್ತಾನೆ ಎಂದುಕೊಂಡಳು. ಅಪ್ಪ ದಮಾಮಿನಿಂದ ಫೋನ್ ಮಾಡಿದರೆ ಮಾತಾಡುವುದನ್ನೇ ಬಿಟ್ಟಳು.

ಮಾಸ್ಟ್ರು ಬಂದು ಇದನ್ನು ಹೇಳಿದಾಗ ನನಗೆ ಕುಳಿತಲ್ಲೇ ನಾಚಿಕೆಯಾಯಿತು. ಕೂಡಲೇ ಹೆಸರು ತಿದ್ದಿದೆ. ಮರಕುಟಿಗ ಹಿಂದಿನಂತೆ ಮಾಡಿದರು. ಮೂರು ಸಲ ಹೀಗೇ ಆಯಿತು. ಕೊನೆಗೆ 'ಮೂಲ ಎಲ್ಲಿದೆ?' ಎಂದು ಕೇಳಿದರು.

"ಮೂಲ ನಾನೇ ಅಲ್ವಾ? ನಾನು ಕಣ್ಣಾರೆ ಕಂಡದ್ದು," ಎಂದರು ಮಾಸ್ಟ್ರು.

"ಕಣ್ಣು ನಡೆಯುವುದಿಲ್ಲ ಮಾಸ್ಟ್ರೆ. ಅಚ್ಚಾದದ್ದು ಬೇಕು."

ಅವರು ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಸುಳ್ಳು ಬರೆದದ್ದು ನಾನು. ಆ ಮಗು ಅಪ್ಪನನ್ನು ಸುಳ್ಳುಗಾರ ಅಂತ ತಿಳ್ಕೊಂಡಿದೆ. ನಾನು ಪೇಪರಿಗೆ ಬರೀತೇನೆ," ಎಂದರು.

ಬೇಡವೆಂದೆ. ಕಾರ್ಯದರ್ಶಿಯೇ ನಿಯಮ ಮೀರಿದ್ದೆಂದು ಒಪ್ಪಿಕೊಂಡರೆ ಆ ಕುರ್ಚಿ ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರು ಕೇಳಲಿಲ್ಲ. ಓದುಗರ ಪತ್ರಗಳ ಅಂಕಣದ ತಳದಲ್ಲಿ ಏಳು ಸಾಲು ಬಂತು. ಬೆಳುವಾಯಿಯವರು ದೂರು ಕೊಡಲಿಲ್ಲ, ಗೆದ್ದ ಕಪ್ ಪಾಣೆಮಂಗಳೂರಿನಲ್ಲೇ ಉಳಿಯಿತು. ಆದರೆ ಸಮಿತಿಯವರು ಮಾಸ್ಟ್ರನ್ನು ಮರ್ಯಾದೆಯಿಂದಲೇ ಕೆಳಗಿಳಿಸಿದರು. ಹಾರ ಕೂಡ ಹಾಕಿದರಂತೆ.

ಮೂಲ ಸಿಕ್ಕಿತು. ಅಶ್ರಫನ ಹೆಸರು ಹಾಕಿದೆ, ಮರಕುಟಿಗ ಮುಟ್ಟಲಿಲ್ಲ. ಆದರೆ ಹೆಸರು ಯಾಕೆ ಬದಲಾಯಿತೆಂದು ಒಂದು ವಾಕ್ಯದಲ್ಲಿ ಹೇಳಲೇಬೇಕಿತ್ತು. ಆಗ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ಲೀಗನ್ನು ಹೊತ್ತು ನಡೆಸಿದ ಈ ಮನುಷ್ಯನ ಹೆಸರು ನಾನು ಬರೆದ ಪುಟಗಳಲ್ಲಿ ಎಲ್ಲೂ ಇಲ್ಲ. ವರದಿ ಬರೆಯುತ್ತಿದ್ದವರು ಅವರೇ, ತಮ್ಮ ಹೆಸರನ್ನು ಒಮ್ಮೆಯೂ ಬರೆದುಕೊಳ್ಳಲಿಲ್ಲ. ಅಚ್ಚಾಗದ್ದು ವಿಶ್ವಕೋಶಕ್ಕೆ ಬರುವುದಿಲ್ಲ. ಈಗ ಬಂದರೆ ಈ ತಪ್ಪಿನ ವಾಕ್ಯದಲ್ಲಿ ಮಾತ್ರ. ನಾನು 'ಅಂದಿನ ಕಾರ್ಯದರ್ಶಿ' ಎಂದಷ್ಟೇ ಬರೆದು ಅವರಿಗೆ ಓದಿ ಹೇಳಿದೆ.

"ಹೆಸರು ಹಾಕಿ ಟೀಚರ್."

"ಒಳ್ಳೆಯದು ಒಂದೂ ಬರೆಯಲಿಕ್ಕೆ ಆಗದೆ ಇದೊಂದನ್ನೇ ಬರೆಯುವುದಾ ಮಾರಾಯ್ರೆ?"

"ಮಗು ಓದ್ತದೆ. ಸುಳ್ಳು ಹೇಳಿದ್ದು ಉಪ್ಪ ಅಲ್ಲದಿದ್ದರೆ ಮತ್ತೆ ಯಾರು ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ."

ಹಾಕಿದೆ. ಅಕ್ಷರ ತಪ್ಪದ ಕೈ ಎರಡು ಸಲ ತಪ್ಪಿತು. ಸಫಾ ಫೋನ್ ಎತ್ತಿಕೊಂಡು ಅಪ್ಪನ ಹತ್ತಿರ ಅರ್ಧ ಗಂಟೆ ಮಾತಾಡಿದಳೆಂದು ಮರುದಿನ ಮಾಸ್ಟ್ರೇ ಬಂದು ಹೇಳಿದರು, ಏನೋ ದೊಡ್ಡ ಪಂದ್ಯ ಗೆದ್ದವರ ಮುಖ ಮಾಡಿಕೊಂಡು.

ಇವತ್ತು ಹೊಸ ಪಂದ್ಯದ ನಾಲ್ಕು ಸಾಲನ್ನು ಸೇರಿಸಿ ಮುಗಿಸಿದ ಮೇಲೆ ಆ ಹಳೆಯ ಪುಟವನ್ನೂ ಒಮ್ಮೆ ತೆರೆದೆ. ಮಾಸ್ಟ್ರ ಹೆಸರಿರುವ ಆ ಒಂದೇ ವಾಕ್ಯ ಹಾಗೇ ಇದೆ. ಮೊದಮೊದಲು ಅದನ್ನು ಯಾರಾದರೂ ಅಳಿಸಲಿ ಎಂದು ಆಸೆಪಡುತ್ತಿದ್ದೆ. ಈಗ ಯಾರಾದರೂ ಅಳಿಸಿದರೆ ಅವರ ಜೊತೆ ಜಗಳವಾಡಿ ಮತ್ತೆ ಹಾಕುವವಳು ನಾನೇ.