ಶ್ರಾವಣದಲ್ಲಿ ಅರೋವಾನಾ ಊಟ ಬಿಟ್ಟಿದ್ದು

ಆ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಎರಡು ಜೀವ ಊಟ ಬಿಟ್ಟಿದ್ದವು. ಒಂದು ನನ್ನ ಗಂಡ, ಇನ್ನೊಂದು ಅವರ ಮೀನು. ಹಜಾರದ ಗಾಜಿನ ತೊಟ್ಟಿಯಲ್ಲಿ ನನ್ನ ತೋಳುದ್ದದ ಅರೋವಾನಾ, ಅದರ ಎದುರಿಗೇ ಮಂಚ ಹಾಕಿಸಿಕೊಂಡು ಮಲಗಿದ್ದ ಇವರು. ಯಾರ ಹೊಟ್ಟೆಗೆ ಏನು ಹಾಕಲಿ ಅಂತ ನಾನು ನಡುವೆ ನಿಂತು ಒದ್ದಾಡುತ್ತಿದ್ದೆ.

ನಮ್ಮದು ಮೊಟ್ಟೆಯನ್ನೂ ಹೊಸಿಲು ದಾಟಲು ಬಿಡದ ಮನೆ. ಅಂಥ ಮನೆಗೆ ಬೇಟೆಯಾಡಿ ತಿನ್ನುವ ಮೀನು ಬಂದದ್ದು ವಾಸ್ತುವಿನ ಹೆಸರಿನಲ್ಲಿ. ಒಳ್ಳೆಯದಾಗುತ್ತದೆ ಅಂತ ಯಾರೋ ಹೇಳಿದರು, ಅತ್ತೆ ಒಪ್ಪಿದರು. ತಂದಾಗ ಬೆರಳುದ್ದ ಇತ್ತು. ಅದು ಏನು ತಿನ್ನುತ್ತದೆ ಅಂತ ಅತ್ತೆ ಕೇಳಲಿಲ್ಲ, ಇವರು ಹೇಳಲಿಲ್ಲ. ಹಿತ್ತಲಿನ ಡ್ರಮ್ಮಿನಲ್ಲಿ ಕೆರೆಯ ಸಣ್ಣ ಮೀನು ಇಟ್ಟುಕೊಂಡು, ಅತ್ತೆ ಪೂಜೆಗೆ ಕೂತಾಗ ಒಂದೊಂದೇ ತಂದು ತೊಟ್ಟಿಗೆ ಬಿಡುತ್ತಿದ್ದರು. ಅತ್ತೆಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಕಣ್ಣು ಮುಚ್ಚಿ ಕೂರುವುದು ಅವರ ಭಕ್ತಿಯ ಒಂದು ಭಾಗವೇ ಆಗಿತ್ತು.

ತುಮಕೂರಿನಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿ ಇವರನ್ನು ಪಾವಗಡಕ್ಕೆ ಕರೆತಂದ ಮೇಲೆ ಗಾಯ ಮಾಯಲೇ ಇಲ್ಲ. ಮೈಯಲ್ಲಿ ಶಕ್ತಿ ಇಲ್ಲ, ದಿನಾ ಮೊಟ್ಟೆ ಕೊಡಿ, ಇನ್ನೊಮ್ಮೆ ಕುಯ್ಯುವ ಹಾಗಾದರೆ ತಡೆದುಕೊಳ್ಳುವುದು ಕಷ್ಟ ಅಂದರು ಡಾಕ್ಟರು. ಇವರಿಗೆ ಮುದ್ದೆ ಸೇರುತ್ತಿರಲಿಲ್ಲ, ಬೇಳೆ ಕಟ್ಟು ಸೇರುತ್ತಿರಲಿಲ್ಲ, ಶಕ್ತಿಯ ಪುಡಿ ಕಲಸಿದ ಹಾಲು ಕುಡಿದರೆ ವಾಂತಿ.

"ಶ್ರಾವಣ ಮುಗೀಲಿ, ಆಮೇಲೆ ನೋಡಾನ," ಅಂದರು ಅತ್ತೆ.

ಮುಗಿಯುವ ತನಕ ಮನುಷ್ಯ ಇರಬೇಕಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅತ್ತೆಯ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಅಷ್ಟರಲ್ಲಿ ಡ್ರಮ್ಮಿನ ಮೀನು ಮುಗಿದಿದ್ದವು. ತರುವವರಿಲ್ಲ, ತಂದರೂ ಶ್ರಾವಣದಲ್ಲಿ ಅತ್ತೆ ಬಿಡುತ್ತಿರಲಿಲ್ಲ. ಅವರೇ ತೊಟ್ಟಿಗೆ ಕಡ್ಲೆಪುರಿ ಸುರಿದರು. ದೇವಸ್ಥಾನದ ಕಲ್ಯಾಣಿಯ ಮೀನಿಗೆ ಅದನ್ನೇ ಹಾಕಿ ಅಭ್ಯಾಸ. ಅವರ ಪ್ರಕಾರ ಮೀನು ಅಂದರೆ ಪುರಿ ತಿನ್ನುವ ಪ್ರಾಣಿ. "ತಿನು ನಾಯನಾ, ತಿನು," ಅಂತ ತವರಿನ ತೆಲುಗಿನಲ್ಲಿ ಮುದ್ದುಗರೆದರು. ಪುರಿ ನೆನೆದು, ಕೊಳೆತು, ನೀರು ಗಬ್ಬೆದ್ದಿತು. ಕೊಡಪಾನದಲ್ಲಿ ನೀರು ಬದಲಿಸಿ ನನ್ನ ಸೊಂಟ ಬಿದ್ದುಹೋಯಿತು. ಅಂಗಡಿಯ ಮೀನಿನ ಆಹಾರದ ಗುಳಿಗೆ ಹಾಕಿದೆ, ಬಾಯಿಗೆ ತೆಗೆದುಕೊಂಡು ಉಗಿಯಿತು. ಪನೀರು ಹಾಕಿದೆ, ಮೂಸಿಯೂ ನೋಡಲಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಇಂಥ ಮೀನಿಗೆ ಮರಿಯಿಂದಲೇ ಒಂದು ದಿನ ಸಿಗಡಿ, ಒಂದು ದಿನ ಹುಳ, ಒಂದು ದಿನ ಗುಳಿಗೆ ಅಂತ ಬದಲಿಸಿ ಬದಲಿಸಿ ತಿನ್ನಿಸಬೇಕಂತೆ. ಒಂದೇ ಊಟಕ್ಕೆ ಒಗ್ಗಿಸಿಬಿಟ್ಟರೆ, ಅದು ಸಿಗದಾಗ ಬೇರೆ ಯಾವುದನ್ನೂ ಮುಟ್ಟದೆ ಸೊರಗುತ್ತದಂತೆ. ಓದುತ್ತಾ ಮಂಚದ ಕಡೆ ನೋಡಿದೆ. ಅಲ್ಲಿ ಮಲಗಿದ್ದವರನ್ನೂ ಹುಟ್ಟಿದಾಗಿನಿಂದ ಮುದ್ದೆ, ಸೊಪ್ಪಿನ ಸಾರಿಗೇ ಒಗ್ಗಿಸಿದ್ದರು.

ತಡೆಯಲಾಗದೆ ಕೇಳಿಯೇಬಿಟ್ಟೆ. "ರೀ, ಅತ್ತೆಗೆ ಗೊತ್ತಾಗದಂಗೆ ಮೊಟ್ಟೆ ತರ್ತೀನಿ, ತಿಂತೀರಾ?"

ಇವರು ಗೋಡೆಯ ಕಡೆ ತಿರುಗಿದರು. "ಅಮ್ಮ ಕೊಟ್ರೆ ತಿಂತೀನಿ. ಕದ್ದು ತಿನ್ನಾಕೆ ನಾನೇನು ಮೀನಾ?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತು ಮುಖ ತೊಳೆದುಕೊಂಡು ಬಂದರೂ ಮನೆ ಹಾಗೇ ಇತ್ತು.

ನಾನು ಪಾಠ ಮಾಡುವುದು ಕ್ಯಾತಗಾನಚೆರ್ಲುವಿನ ಶಾಲೆಯಲ್ಲಿ. ಒಂದು ಸಂಜೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಸೋಲಾರ್ ಪ್ಲೇಟುಗಳ ಸುತ್ತಲಿನ ಬೇಲಿಯ ಹುಲ್ಲಿನಿಂದ ಒಂದು ಮಿಡತೆ ಹಾರಿ ನನ್ನ ಬ್ಯಾಗಿನ ಮೇಲೆ ಕೂತಿತು. ಮನೆಗೆ ಬಂದವಳೇ ಅತ್ತೆಯನ್ನು ಕೇಳಿದೆ, ಮಿಡತೆ ಮಾಂಸವೇ ಅಂತ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಯೋಚಿಸಿದರು.

"ಅದು ಹುಟ್ಟಿದಾಗ್ಲಿಂದ ತಿನ್ನೋದೇ ಹುಲ್ಲು, ಸೊಪ್ಪು. ಅಂಗ್ ನೋಡುದ್ರೆ ಅದೂ ಸೊಪ್ಪೇ ಕಣಮ್ಮ."

ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಹೊರಗೆ ಬರಲಿಲ್ಲ.

ಭಾನುವಾರ ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ ನಾನೂ ಅತ್ತೆಯೂ ಮಿಡತೆ ಹಿಡಿಯಲು ಹೊರಟೆವು. ಬಾಗಿಲು ದಾಟುವಾಗ ಮಂಚದಿಂದ ದನಿ ಬಂತು. "ಕಡ್ಲೆಕಾಯಿ ಹೊಲದ್ದು ಬ್ಯಾಡ. ಔಷಧಿ ಹೊಡ್ದಿರ್ತಾರೆ." ಯಾರೂ ಕೇಳದೆ ಇವರು ತಾವಾಗಿ ಆಡಿದ ಮಾತು ಅದು. ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ಕೂತಿದ್ದೆ.

ಅದೇ ಬೇಲಿಯ ಪಕ್ಕ ಅತ್ತೆ ಸೆರಗು ಹಾಸಿ, ಮೊಣಕಾಲೂರಿ ಮಿಡತೆ ಹಿಡಿದರು. ಹಿಡಿದ ಪ್ರತಿಯೊಂದಕ್ಕೂ "ತಪ್ಪಾಯ್ತಪ್ಪ" ಅಂದು, ತೂತು ಮಾಡಿದ ಲಾಡು ಡಬ್ಬಿಗೆ ಬಿಟ್ಟರು. ರಸ್ತೆಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿ ನೋಡಿದರು. ನೋಡಲಿ ಬಿಡು ಅಂದುಕೊಂಡೆ.

ಮನೆಗೆ ಬಂದು ಅತ್ತೆಯೇ ಒಂದನ್ನು ನೀರಿಗೆ ಹಾಕಿದರು. ಮೀನು ಕದಲಲಿಲ್ಲ. ಮಿಡತೆ ನೀರಿನ ಮೇಲೆ ಕಾಲು ಬಡಿಯಿತು, ಸುತ್ತಿತು, ಮತ್ತೆ ಬಡಿಯಿತು. ಮೀನು ಮೆಲ್ಲಗೆ ಮೇಲಕ್ಕೆ ಬಂತು. ಬಾಯಿ ತೆರೆದದ್ದಷ್ಟೇ ಕಂಡಿತು, ಮಿಡತೆ ಇರಲಿಲ್ಲ.

ಆವತ್ತು ಅತ್ತೆ ಕಣ್ಣು ಮುಚ್ಚಿರಲಿಲ್ಲ. ಇನ್ನೊಂದನ್ನು ಹಾಕಿದರು. ಅದೂ ಹೋಯಿತು.

"ತಿಂತಾ ಅಮ್ಮ?" ಇವರು ಮೊಣಕೈ ಊರಿ ಏಳಲು ಹೋಗಿ, ಆಗದೆ ಹಾಗೇ ಒರಗಿದರು. ಅಂಗಿಯೊಳಗೆ ಪಕ್ಕೆಲುಬುಗಳು ಕಂಡವು.

ಅತ್ತೆ ಮೀನನ್ನು ನೋಡಿದರು, ಮಗನನ್ನು ನೋಡಿದರು. ಡಬ್ಬಿ ನನ್ನ ಕೈಗೆ ಕೊಟ್ಟು ಕೈ ತೊಳೆದುಕೊಂಡರು.

"ಓಗಿ ಮೊಟ್ಟೆ ತಗಂಬಾ," ಅಂದರು.

ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ತರುವಷ್ಟರಲ್ಲಿ ಅತ್ತೆ ಒಲೆ ಹಚ್ಚಿ ಪಾತ್ರೆಯಲ್ಲಿ ನೀರಿಟ್ಟಿದ್ದರು. ಮೊಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೀರಿಗಿಳಿಸಿ, ನನ್ನ ಮುಖ ನೋಡಿದರು.

"ಎಷ್ಟೊತ್ತು ಬೇಯಿಸ್ಬೇಕಮ್ಮ ಇದುನ್ನ?"

ನನಗೂ ಗೊತ್ತಿರಲಿಲ್ಲ.