ಅಶ್ವತ್ಥಪ್ಪ ಮೇಷ್ಟ್ರ ಚೀಲದ ಮೂರು ವಾಟೆ

ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವರ ಪಟ್ಟಿ ಮಾಡಹೊರಟರೆ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಯಲ್ದೂರು ಹೋಬಳಿಯ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಸೈನ್ಸ್ ಮೇಷ್ಟ್ರು" ಎಂದರೂ ಜನ ಕೈ ತೋರಿಸುವುದು ಶ್ರೀ ಅಶ್ವತ್ಥಪ್ಪನವರ ಮನೆಯ ದಿಕ್ಕಿಗೇ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳ ಕೊನೆಯ ದಿನ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಗೆ ಪ್ರಶಸ್ತಿ ಬರಲಿಲ್ಲ, ಮುಖ್ಯೋಪಾಧ್ಯಾಯರ ಕುರ್ಚಿಯೂ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಹೋಬಳಿಗೆಲ್ಲ ಗೊತ್ತು. ಈ ಅಭಿನಂದನ ಗ್ರಂಥದಲ್ಲಿ ಅದೆಲ್ಲ ಯಾಕೆ ಎಂದು ಕೇಳಿದವರಿದ್ದಾರೆ. ಅದನ್ನು ಬಿಟ್ಟು ಬರೆದರೆ ಮೇಷ್ಟ್ರ ಬಗ್ಗೆ ಉಳಿಯುವುದು ಹುಟ್ಟಿದ ತಾರೀಖು ಮತ್ತು ವರ್ಗಾವಣೆಯ ತಾರೀಖುಗಳು ಮಾತ್ರ.

ಮೊದಲ ಹತ್ತು ವರ್ಷ ಮೇಷ್ಟ್ರು ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆ ಇದ್ದರು. ಕೋಲಾರದ ಕನ್ನಡಕದ ಅಂಗಡಿಯಿಂದ ಎರಡು ಗಾಜು ತಂದು, ಬೋರ್‌ವೆಲ್ಲಿಗೆ ಇಳಿಸಿ ಮಿಕ್ಕ ಪೈಪಿನ ತುಂಡಿಗೆ ಕೂರಿಸಿ, ಒಂದು ದೂರದರ್ಶಕ ಮಾಡಿದ್ದರು. ಸಂಜೆ ಮಾಲೂರಿನ ಬಸ್ಸಿಗೆ ಕಾಯುವ ಮಕ್ಕಳಿಗೆ ಅದರಲ್ಲಿ ಚಂದ್ರನನ್ನು ತೋರಿಸುತ್ತಿದ್ದರು. ಒಂದು ದಿನ ಕಂಡಕ್ಟರೂ ಇಳಿದು ಬಂದು ಸಾಲಿನಲ್ಲಿ ನಿಂತು, ಬಸ್ಸು ಕಾಲು ಗಂಟೆ ತಡವಾಗಿ ಹೊರಟಿತಂತೆ. ಇಂದು ಹಾಲಿನ ಡೇರಿಯ ಕಾರ್ಯದರ್ಶಿಯಾಗಿರುವ ಕಾಂತರಾಜ್ ಆಗ ಏಳನೇ ಕ್ಲಾಸು. ಚಂದ್ರನ ಮೇಲಿನ ಗುಂಡಿಗಳನ್ನು ನೋಡಿ, ಅಲ್ಲಿಯೂ ರೋಡು ಕೆಟ್ಟುಹೋಗಿದೆ ಎಂದು ವರದಿ ಕೊಟ್ಟನಂತೆ. ಮೇಷ್ಟ್ರು ಬಯ್ಯಲಿಲ್ಲ, ಅದನ್ನೇ ಮರುದಿನ ಪಾಠದ ಮೊದಲ ಪ್ರಶ್ನೆಯಾಗಿ ಬೋರ್ಡಿನ ಮೇಲೆ ಬರೆದರು.

ಅಲ್ಲಿಂದ ಕೋಲಾರ ತಾಲ್ಲೂಕಿನ ವಕ್ಕಲೇರಿ ಕಡೆಗೆ ವರ್ಗವಾಯಿತು. ಅಲ್ಲಿನ ಮಕ್ಕಳು ನಗುವಾಗ, ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದುದನ್ನು ಮೇಷ್ಟ್ರು ಮೊದಲು ನಾಚಿಕೆಯೆಂದು ತಿಳಿದರು. ತಿಂಗಳು ಕಳೆದ ಮೇಲೆ ಗೊತ್ತಾಯಿತು, ಆಳದ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲೆಲ್ಲ ಹಳದಿ, ಕಂದು. ಪ್ರತಿ ಬೀದಿಯಿಂದ ಒಂದೊಂದು ಬಾಟಲಿ ನೀರು ತರಿಸಿ, ಪರೀಕ್ಷೆ ಮಾಡಿಸಿ, ಯಾವ ಕೊಳಾಯಿಯ ನೀರು ಕುಡಿಯಬಾರದೆಂದು ಶಾಲೆಯ ಗೋಡೆಯ ಮೇಲೆ ಬರೆಸಿದರು. ಆದರೆ ಆಗಿಹೋದ ಹಲ್ಲಿಗೆ ಏನು ಮಾಡುವುದು? ಕೈ ತೆಗೆದು ಮಾತಾಡುವುದನ್ನಾದರೂ ಕಲಿಯಲಿ ಎಂದು ಚರ್ಚಾಸ್ಪರ್ಧೆ ಶುರುಮಾಡಿದರು. ಮೈಕಿನ ಮುಂದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಅದೊಂದೇ ನಿಯಮ.

ಹದಿನೇಳು ವರ್ಷದ ಹಿಂದೆ ನಮ್ಮ ಪ್ರೌಢಶಾಲೆಗೆ ಬಂದಾಗ ಆ ಚರ್ಚೆಯನ್ನೂ ಹೊತ್ತು ತಂದರು. ಇಲ್ಲಿ ಮಾವಿನ ಕಾಲ ಮುಗಿಯುವವರೆಗೆ ತರಗತಿ ತುಂಬುವುದಿಲ್ಲ. ತೋಟ, ಮಂಡಿ ಎಂದು ಅರ್ಧ ಮಕ್ಕಳು ಹೊರಗಿರುತ್ತಾರೆ. ಹಾಗಾಗಿ ಜುಲೈ ಕೊನೆಯ ಶನಿವಾರ ಚರ್ಚೆ. ವಿಷಯ ಪ್ರತಿ ವರ್ಷವೂ ಒಂದೇ: ಮನುಷ್ಯ ಮೊದಲು ಯಾವುದಕ್ಕೆ ಕೈಹಾಕಬೇಕು, ಆಕಾಶ ಹುಡುಕುವುದಕ್ಕೋ, ಸಮುದ್ರ ಹುಡುಕುವುದಕ್ಕೋ, ಬಡತನ ನೀಗುವುದಕ್ಕೋ? ಬಟ್ಟೆಯ ಚೀಲದಲ್ಲಿ ರಸ ಚೀಪಿ ತೊಳೆದು ಒಣಗಿಸಿದ ಮೂರು ಮಾವಿನ ವಾಟೆ. ಒಂದರ ಮೇಲೆ 'ಆ', ಇನ್ನೊಂದರ ಮೇಲೆ 'ಸ', ಮತ್ತೊಂದರ ಮೇಲೆ 'ಬ'. ಕಣ್ಣುಮುಚ್ಚಿ ಕೈಹಾಕಿ ತೆಗೆದದ್ದರ ಪರವಾಗಿ ಮಾತಾಡಬೇಕು. ಸಮುದ್ರ ಬಂದವರು ಅಲ್ಲೇ ಗೋಳಾಡುವರು, ನೋಡಿದವರು ಒಬ್ಬರೂ ಇಲ್ಲ. ನಮ್ಮ ಬೋರ್‌ವೆಲ್ಲೇ ಸಾವಿರದ ನಾನೂರು ಅಡಿ ಹೋಗಿದೆ, ಇನ್ನು ಸ್ವಲ್ಪ ಕೊರೆದರೆ ಸಮುದ್ರವೇ ಸಿಗುತ್ತದೆ ಎಂದು ವಾದಿಸಿ ಬಹುಮಾನ ಪಡೆದವರೂ ಇದ್ದಾರೆ.

ನಿಮ್ಮ ಅಭಿಪ್ರಾಯವೇನು ಸಾರ್ ಎಂದು ಕೇಳಿದರೆ ಮೇಷ್ಟ್ರು ಚೀಲದ ಬಾಯಿ ಕಟ್ಟಿ ಎದ್ದುಬಿಡುತ್ತಿದ್ದರು.

ಏಳು ವರ್ಷದ ಹಿಂದಿನ ಜುಲೈನಲ್ಲಿ ಆ ಚರ್ಚೆಗೆ ಎಂದಿಗಿಂತ ಬಿಸಿ ಏರಿತ್ತು. ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರುವುದನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯುವ ದಾನಿಗಳೊಬ್ಬರು ನಮ್ಮ ಶಾಲೆಗೆ ಒಂದು ಸೀಟು ಕೊಟ್ಟಿದ್ದರು, ಗೆದ್ದವರಿಗೆ ಅದು. ಒಂಬತ್ತನೇ ತರಗತಿಯ ಪದ್ಮಶ್ರೀಗೆ ಆ ಸೀಟು ತನ್ನದೇ ಎಂಬ ಧೈರ್ಯವಿತ್ತು. ಯಾವ ಗ್ರಹಕ್ಕೆ ಎಷ್ಟು ಚಂದ್ರ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಹುಡುಗಿ. ಅವಳ ತಾಯಿ ವೆಂಕಟರತ್ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು, ಮಕ್ಕಳಿಗೆಲ್ಲ ರತ್ನಕ್ಕ. ಪದ್ಮಶ್ರೀ ಚೀಲಕ್ಕೆ ಕೈಹಾಕಿದಳು. ಬಂದದ್ದು 'ಬ'.

ಅವಳು ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು.

"ಸಾರ್, ಬದಲಾಯಿಸ್ಕೊಡಿ. ನಂಗೆ ಆಕಾಶ ಬೇಕು."

"ಆಕಾಶ ಎಲ್ಲಾರ್ಗೂ ಬೇಕು ಕಣಮ್ಮ. ಕೈಗ್ ಬಂದಿದ್ದನ್ನ ಮಾತಾಡು."

"ಬಡತನದ್ ಬಗ್ಗೆ ಹೇಳೋಕೇನಿದೆ ಸಾರ್? ಎಲ್ಲಾರ್ಗೂ ಗೊತ್ತಿರೋದೇ."

"ಪುಸ್ತಕದಲ್ಲಿ ಹುಡುಕ್ಬೇಡ. ನಿಮ್ಮನೇಲಿ ನೋಡು. ಕಂಡಿದ್ದನ್ನ ಕಂಡಂಗೆ ಹೇಳು, ಸಾಕು."

ಈ ಕೊನೆಯ ಮಾತನ್ನು ಮೇಷ್ಟ್ರು ಆಮೇಲೆ ಎಷ್ಟು ಸಲ ನೆನೆದು ಹಲ್ಲು ಕಚ್ಚಿದ್ದಾರೋ ಅವರಿಗೇ ಗೊತ್ತು. ಆಗ ಅದು ಒಳ್ಳೆಯ ಮೇಷ್ಟ್ರು ಹೇಳುವ ಒಳ್ಳೆಯ ಮಾತೆಂದೇ ಅವರಿಗೆ ಅನಿಸಿತ್ತು.

ಶನಿವಾರ ಹೊಂಗೆಮರಕ್ಕೆ ಕಟ್ಟಿದ ಸ್ಪೀಕರು ನೇರ ಅಡುಗೆಮನೆಗೆ ಮುಖಮಾಡಿತ್ತು. ತೀರ್ಪುಗಾರರ ಕುರ್ಚಿಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಆಂಜಿನಪ್ಪನವರು, ಪಕ್ಕದಲ್ಲಿ ರಾಕೆಟ್ಟಿನ ಸೀಟು ಕೊಟ್ಟ ದಾನಿಗಳು. ಅನಿಲ್‌ಕುಮಾರ್ ಸಮುದ್ರದ ಪರ ಮಾತಾಡಿ ಎಲ್ಲರನ್ನೂ ನಗಿಸಿ ಕೂತ. ಪದ್ಮಶ್ರೀ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ನಮ್ಮಮ್ಮ ಈ ಸ್ಕೂಲಲ್ಲಿ ಇನ್ನೂರ ಹನ್ನೆರಡು ಮಕ್ಕಳಿಗೆ ಅನ್ನ ಮಾಡ್ತಾಳೆ. ಎಲ್ಲಾರೂ ತಿಂದ್ಮೇಲೆ ತಳದಲ್ಲಿ ಮಿಕ್ಕಿದ್ದನ್ನ ಡಬ್ಬೀಗ್ ಹಾಕಿ, ಮೇಲೆ ಸೆರಗು ಮುಚ್ಕೊಂಡು ಮನೆಗ್ ತರ್ತಾಳೆ. ರಾತ್ರಿ ನಂಗೂ ಅಜ್ಜೀಗೂ ಅದೇ ಊಟ. ರಾಕೆಟ್ ಎಷ್ಟು ಕಿಲೋಮೀಟರ್ ಹೋಗುತ್ತೆ ಅಂತ ನಂಗ್ ಗೊತ್ತು. ಈ ಸ್ಕೂಲಿಂದ ನಮ್ಮನೆಗೆ ಮುನ್ನೂರು ಹೆಜ್ಜೆ. ಆ ಮುನ್ನೂರು ಹೆಜ್ಜೆ ಅನ್ನ ಮುಚ್ಕೊಂಡೇ ಬರ್ಬೇಕು. ಮೊದ್ಲು ಅದೊಂದು ಸರಿ ಆಗ್ಲಿ."

ವೇದಿಕೆಯ ಪಕ್ಕದಲ್ಲಿದ್ದ ಮೇಷ್ಟ್ರಿಗೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ರತ್ನಕ್ಕ ಸೌಟು ಹಿಡಿದೇ ಹೊರಗೆ ಬಂದರು. ಮಗಳ ಮಾತು ಮುಗಿಯುವವರೆಗೂ ನಿಂತು ಕೇಳಿದರು. ಚಪ್ಪಾಳೆ ಶುರುವಾದಾಗ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಚಪ್ಪಾಳೆ ನಿಲ್ಲುವಂತೆಯೇ ಇರಲಿಲ್ಲ. ಆಂಜಿನಪ್ಪನವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಐವತ್ತಕ್ಕೆ ಐವತ್ತು ಅಂಕ ಕೊಟ್ಟರು. ದಾನಿಗಳ ಜೊತೆ ಬಂದಿದ್ದವರು ಭಾಷಣವನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡಿದ್ದರು. ಸಂಜೆಯ ಹೊತ್ತಿಗೆ ಅದು ಊರಿನ ಎಲ್ಲರ ಫೋನಿಗೂ ಬಂತು. ಆ ಸಂಜೆ ರತ್ನಕ್ಕನ ಡಬ್ಬಿ ಮೊದಲ ಸಲ ಖಾಲಿ ಹೋಯಿತು.

ಮಿಕ್ಕ ಅನ್ನ ರತ್ನಕ್ಕನ ಮನೆಗೆ ಹೋಗುವುದು ಊರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದೇ ಊರಿನ ಪದ್ಧತಿಯಾಗಿತ್ತು, ಅವರು ಸೆರಗು ಮುಚ್ಚುವುದೂ ಆ ಪದ್ಧತಿಗೆ ಕೊಟ್ಟ ಮರ್ಯಾದೆಯೇ. ಮೈಕಿನಲ್ಲಿ ಹೇಳಿದ ಮೇಲೆ ಅದು ದೂರಿನ ವಿಷಯವಾಯಿತು. ಒಂಬತ್ತನೇ ದಿನ ಮೇಲಿನ ಕಚೇರಿಗೆ ಹೋದ ಅರ್ಜಿಯಲ್ಲಿ ಹನ್ನೊಂದು ಸಹಿಗಳಿದ್ದವು: ಮಕ್ಕಳ ಅನ್ನ ಹೊರಗೆ ಹೋಗುತ್ತಿದೆ, ಅಡುಗೆಯವರ ಮಗಳೇ ಒಪ್ಪಿಕೊಂಡಿದ್ದಾಳೆ. ಮೊದಲ ಸಹಿ ಆಂಜಿನಪ್ಪನವರದು. ಮೇಷ್ಟ್ರು ಅವರ ಮನೆಗೆ ಹೋಗಿ ಕೇಳಿದರು.

"ನೀವೇ ಐವತ್ತಕ್ಕೈವತ್ತು ಕೊಟ್ರಲ್ಲ ಅಧ್ಯಕ್ಷರೇ?"

"ಭಾಷಣಕ್ಕೆ ಕೊಟ್ಟೆ ಮೇಷ್ಟ್ರೇ. ಭಾಷಣ ಬೇರೆ, ರೂಲ್ಸ್ ಬೇರೆ. ನಾಳೆ ನನ್ನ ಕೇಳಿದ್ರೆ ನಾನೇನ್ ಹೇಳ್ಲಿ?"

ವಿಚಾರಣೆಯ ಹಿಂದಿನ ದಿನ ಮೇಷ್ಟ್ರು ಒಂದು ಹೇಳಿಕೆ ಬರೆದರು. ಮಿಕ್ಕ ಅನ್ನ ಹಾಳಾಗಬಾರದೆಂದು ಅದನ್ನು ಮನೆಗೆ ಒಯ್ಯಲು ತಾವೇ ಹೇಳಿದ್ದಾಗಿಯೂ, ತಪ್ಪೇನಿದ್ದರೂ ತಮ್ಮದೆಂದೂ ಅದರಲ್ಲಿತ್ತು. ಮೂವತ್ತೊಂದು ವರ್ಷದಲ್ಲಿ ಅವರು ಸಹಿ ಹಾಕಿದ ಸುಳ್ಳು ಅದೊಂದೇ. ಆ ಕಾಗದ ಆ ತಾಯಿಯ ಕೆಲಸ ಉಳಿಸುತ್ತದೆಂದು ಅವರು ನಂಬಿದ್ದರು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅದನ್ನು ಓದಿದ ಅಧಿಕಾರಿ, ಇದು ನಿಜವೇನಮ್ಮ ಎಂದು ರತ್ನಕ್ಕನನ್ನು ಕೇಳಿದರು. ಹೌದು ಎಂದರೆ ಸಾಕಿತ್ತು. ಮೇಷ್ಟ್ರು ರತ್ನಕ್ಕನ ಮುಖವನ್ನೇ ನೋಡುತ್ತ, ಕಣ್ಣಿನಲ್ಲೇ ಬೇಡಿಕೊಂಡರು.

"ಇಲ್ಲ ಸಾರ್," ಎಂದರು ರತ್ನಕ್ಕ. "ಮೇಷ್ಟ್ರು ಹೇಳಿರ್ಲಿಲ್ಲ. ನಾನೇ ತಗೊಂಡೋದೆ. ನನ್ ಮಗಳು ಅಷ್ಟು ಜನರ್ ಮುಂದೆ ಸುಳ್ಳು ಹೇಳ್ಲಿಲ್ಲ. ನಾಲ್ಕ್ ಜನರ್ ಮುಂದೆ ನಾನ್ಯಾಕೆ ಹೇಳ್ಲಿ?"

ಅವರ ಕೆಲಸ ಹೋಯಿತು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಮೇಷ್ಟ್ರಿಗೆ ನೋಟಿಸು ಬಂತು, ಬಡ್ತಿಯ ಪಟ್ಟಿ ಬಂದಾಗಲೆಲ್ಲ ಆ ನೋಟಿಸೂ ಜೊತೆಗೆ ಬಂತು. ಅಂದಿನಿಂದ ಬಿಸಿಯೂಟದಲ್ಲಿ ಮಿಕ್ಕದ್ದು ನಿಯಮದ ಪ್ರಕಾರ ಕಾಂಪೌಂಡಿನ ಹಿಂದಿನ ಗುಂಡಿಗೆ ಹೋಗತೊಡಗಿತು. ಅದರ ಬಗ್ಗೆ ಯಾರೂ ಅರ್ಜಿ ಹಾಕಿಲ್ಲ.

ವಿಚಾರಣೆಯ ಸಂಜೆ ಮೇಷ್ಟ್ರು ಆ ಮುನ್ನೂರು ಹೆಜ್ಜೆ ನಡೆದು ರತ್ನಕ್ಕನ ಮನೆ ಬಾಗಿಲಲ್ಲಿ ನಿಂತರು. ತಪ್ಪಾಯಿತು ತಾಯಿ ಎಂದರು. ರತ್ನಕ್ಕ ಗುಡಿಸುತ್ತಿದ್ದ ಪೊರಕೆ ಪಕ್ಕಕ್ಕಿಟ್ಟರು.

"ಒಳಗ್ ಬನ್ನಿ ಸಾರ್. ನಮ್ಮನೇಲಿ ಮುಚ್ಚಿಡೋ ಅಂಥದ್ದು ಇನ್ನೇನೂ ಉಳ್ದಿಲ್ಲ."

ಟೀ ಕೊಟ್ಟರು. ಮೇಷ್ಟ್ರು ಕುಡಿದರು. ಆಮೇಲಿನ ಏಳು ವರ್ಷದಲ್ಲಿ ಅವರು ಮೇಷ್ಟ್ರ ಜೊತೆ ಮಾತಾಡಿಲ್ಲ. ಈಗ ಅವರು ಸೀಸನ್ನಿನಲ್ಲಿ ಮಂಡಿಯಲ್ಲಿ ಮಾವು ಆಯುತ್ತಾರೆ, ಉಳಿದಂತೆ ಟೊಮೆಟೊ ಬಿಡಿಸುತ್ತಾರೆ. ಮಂಡಿಯ ಮುಂದೆ ಸ್ಕೂಟರಿನಲ್ಲಿ ಹೋಗುವಾಗಲೆಲ್ಲ ಮೇಷ್ಟ್ರು ನಿಧಾನ ಮಾಡಿ ನಮಸ್ಕಾರ ಎನ್ನುತ್ತಾರೆ. ರತ್ನಕ್ಕ ಹಣ್ಣಿನ ರಾಶಿಯ ಕಡೆ ತಿರುಗುತ್ತಾರೆ.

ಪದ್ಮಶ್ರೀ ರಾಕೆಟ್ ನೋಡಲು ಹೋಗಲಿಲ್ಲ. ಆ ಸೀಟಿನಲ್ಲಿ ಎರಡನೇ ಬಹುಮಾನದ ಅನಿಲ್‌ಕುಮಾರ್ ಹೋಗಿ, ಮೊದಲ ಸಲ ಸಮುದ್ರ ಕಂಡು, ರಾಕೆಟ್ಟಿಗಿಂತ ನೀರನ್ನೇ ಜಾಸ್ತಿ ನೋಡಿಕೊಂಡು ಬಂದ. ಹುಡುಗಿ ಓದು ಬಿಡದಂತೆ ಮೇಷ್ಟ್ರು ಬಹಳ ಓಡಾಡಿದರು. ಕೋಲಾರದ ಹಾಸ್ಟೆಲಿನಲ್ಲಿ ಸೀಟಿಗಾಗಿ ಆರು ಶನಿವಾರ ಬಾಗಿಲು ಕಾದರು. ಈಗ ಅವಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಕೊನೆಯ ವರ್ಷ. ಮೈಕಿನ ಮುಂದೆ ಮತ್ತೆ ನಿಂತಿಲ್ಲ. ಈ ಪುಟಗಳನ್ನು ಬರೆಯಬೇಕಾಗಿದ್ದವಳು ಅವಳೇ. ಕೇಳಿದಾಗ, ಒಂದು ಸಲ ಕಂಡಿದ್ದನ್ನ ಕಂಡಂಗೆ ಹೇಳಿದ್ದು ಸಾಕು ಎಂದು ಫೋನಿಟ್ಟಳು.

ಚರ್ಚೆ ನಿಲ್ಲಲಿಲ್ಲ, ಆದರೆ ಮೇಷ್ಟ್ರು ಅದಕ್ಕೊಂದು ನಿಯಮ ಸೇರಿಸಿದರು. 'ಬ' ತೆಗೆದವರು ಯಾರ ಮನೆಯ ಹೆಸರನ್ನೂ ಎತ್ತುವಂತಿಲ್ಲ. ಮಕ್ಕಳು ಅಂಕಿ ಅಂಶ ಬಾಯಿಪಾಠ ಮಾಡಿಕೊಂಡು ಬಂದರು, ಶೇಕಡಾ ಇಷ್ಟು, ಕೋಟಿ ಇಷ್ಟು. ಆಕಾಶ ಗೆದ್ದಿತು, ಸಮುದ್ರ ಗೆದ್ದಿತು. ಆರು ವರ್ಷದಲ್ಲಿ ಬಡತನ ಒಂದು ಸಲವೂ ಗೆದ್ದಿಲ್ಲ. ಬಹುಮಾನ ಹಂಚುವಾಗ ಮೇಷ್ಟ್ರ ಮುಖ ನೋಡಿದವರಿಗೆ ಈ ಕೊರಗು ಕಾಣುತ್ತಿತ್ತು.

ಈ ಗ್ರಂಥಕ್ಕೆ ರತ್ನಕ್ಕನದೂ ಎರಡು ಮಾತಿರಲಿ ಎಂದು ಮಂಡಿಗೆ ಹೋದಾಗ, ಅವರು ಕೈಯಲ್ಲಿದ್ದ ಹಣ್ಣನ್ನು ರಾಶಿಗಿಟ್ಟು ಕ್ರೇಟಿನ ಮೇಲೆ ಕೂತರು.

"ಒಳ್ಳೇರು ಅಂತ ಹಾಕ್ಕೊಳ್ಳಿ. ಮಕ್ಕಳ ಬಾಯ್ಮೇಲಿದ್ದ ಕೈ ತೆಗ್ಸಿದ್ರು. ಅವತ್ತು ಚಪ್ಪಾಳೆ ತಟ್ಟಿದ್ರಲ್ಲ, ಆ ದೊಡ್ಡೋರ್ ಕೈಗಳ್ಗೂ ಒಂದಿಷ್ಟು ಪಾಠ ಮಾಡಿದ್ದಿದ್ರೆ ಚೆನ್ನಾಗಿರೋದು."

ಫೋನಿನಲ್ಲಿ ಹಿಡಿದ ಈ ಮಾತನ್ನು ಮೇಷ್ಟ್ರು ಎರಡು ಸಲ ಕೇಳಿಸಿಕೊಂಡರು. ಏಳು ವರ್ಷದ ಮೇಲೆ ಅವರಿಗೆ ಸಿಕ್ಕ ಮೊದಲ ಉತ್ತರ ಅದು. ಮರುದಿನ ಶಾಲೆಯ ಬೀರುವಿನಿಂದ ಚೀಲ ತೆಗೆದು, ವಾಟೆಗಳ ಮೇಲೆ ಮಾಸಿದ್ದ ಅಕ್ಷರಗಳನ್ನು ಹೊಸದಾಗಿ ತಿದ್ದಿದರು. ನಿವೃತ್ತಿಯ ನಂತರದ ಮೊದಲ ಭಾನುವಾರ ಹೊಂಗೆಮರದ ಕೆಳಗೆ ದೊಡ್ಡವರಿಗೆ ಚರ್ಚೆ, ವಿಷಯ ಅದೇ. ಆದರೆ ಈ ಸಲ ಮಾತಾಡುವವರು ತಮ್ಮ ಸ್ವಂತ ಮನೆಯ ಬಗ್ಗೆ, ತಾವು ಹಾಕಿದ ಸಹಿಗಳ ಬಗ್ಗೆ ಮಾತ್ರ ಮಾತಾಡಬೇಕು. ಮೊದಲು ಮೇಷ್ಟ್ರೇ ನಿಂತು ತಮ್ಮ ಸುಳ್ಳು ಹೇಳಿಕೆಯನ್ನು ಓದುತ್ತಾರಂತೆ. ಎರಡನೆಯವರಾಗಿ ಚೀಲಕ್ಕೆ ಕೈಹಾಕಲು ಈ ಅಭಿನಂದನ ಸಮಿತಿಯ ಗೌರವಾಧ್ಯಕ್ಷರೂ ಆದ ಶ್ರೀ ಆಂಜಿನಪ್ಪನವರನ್ನು ಮನೆಗೇ ಹೋಗಿ ಕರೆದಿದ್ದಾರೆ. ಆ ಭಾನುವಾರ ತಮ್ಮ ಕಡೆ ಒಂದು ಮದುವೆಯಿದೆ ಎಂದು ಅವರು ತಿಳಿಸಿದ್ದಾರೆ.

ಮದುವೆಗಳು ಮುಗಿಯುತ್ತವೆ, ಭಾನುವಾರಗಳು ಬಹಳ ಇವೆ. ಅವೆಲ್ಲ ಭಾನುವಾರಗಳಿಗೂ ಸಾಲುವಷ್ಟು ಆಯಸ್ಸು, ಮರದ ಕೆಳಗೆ ಕಾದು ಕೂರುವಷ್ಟು ಆರೋಗ್ಯ ನಮ್ಮ ಮೇಷ್ಟ್ರಿಗೆ ಇರಲಿ. ಅಧ್ಯಕ್ಷರ ಕಡೆಯ ಕೊನೆಯ ಮದುವೆಯ ಊಟವೂ ಮುಗಿದು, ಅವರು ಕೈ ತೊಳೆದುಕೊಂಡು ಬರುವವರೆಗೂ ಆ ಚೀಲದ ಬಾಯಿ ತೆರೆದೇ ಇರಲಿ.