ಅವರ ಬೂಟಿನ ಒಳಅಟ್ಟೆ

ಜುಲೈ ತಿಂಗಳ ಆ ಶನಿವಾರ ನಾವಿಬ್ಬರೂ ನಮ್ಮ ಪಿನ್ನರ್‌ ಪಕ್ಕದ ಬಡಾವಣೆ ರೇನರ್ಸ್ ಲೇನಿಗೆ ಹೋಗಿದ್ದು ಕರಿಬೇವು ತರುವುದಕ್ಕೆ, ಜೊತೆಗೆ ನನ್ನ ಗಂಡನ ಬೂಟು ರಿಪೇರಿಗೆ ಕೊಡುವುದಕ್ಕೆ. ಕಂದು ಚರ್ಮದ ಡೆಕ್ ಶೂ. ಹಡಗಿನ ಒದ್ದೆ ಹಲಗೆಯ ಮೇಲೂ ಜಾರಬಾರದೆಂದು ಅದರ ಅಟ್ಟೆಯ ತುಂಬ ಸಣ್ಣ ಗೀರುಗಳಿದ್ದವು. ಹನ್ನೊಂದು ವರ್ಷಗಳ ಹಿಂದೆ ರಜೆಗೆಂದು ಫ್ರಾನ್ಸಿನ ಕರಾವಳಿಗೆ ಹೋದಾಗ ಒಂದು ಬಂದರು ಊರಿನಲ್ಲಿ ಕೊಂಡಿದ್ದರು. ಅಂಗಡಿಯ ಹೆಂಗಸಿನ ಮನೆಯಲ್ಲಿ ಅಜ್ಜನ ಕಾಲದಿಂದಲೂ ಬೂಟು ಹೊಲಿಯುವುದೇ ಕೆಲಸ. ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ ಎದುರುಬದುರಾಗಿ ಹೊಲಿಯುವುದನ್ನು ಆಕೆ ನಮಗೆ ತೋರಿಸಿದ್ದಳು. ಸಾಕ್ಸ್ ಹಾಕಬೇಡಿ, ಚರ್ಮ ನಿಮ್ಮ ಕಾಲನ್ನು ಕಲಿಯಲಿ ಎಂದಿದ್ದಳು. ಇವರಿಗೆ ಅದು ವೇದವಾಕ್ಯವಾಯಿತು. ಪ್ರತಿ ಬೇಸಿಗೆಯೂ ಬರಿಗಾಲಿಗೆ ಅದೇ ಬೂಟು.

“ಸಮುದ್ರನೇ ಇಲ್ದಿರೋ ಪಿನ್ನರ್‌ನಲ್ಲಿ ಯಾವ ಹಡಗು ರೀ ನಿಮ್ದು?” ಎಂದು ಬಸ್ಸಿನಲ್ಲಿ ಕೆಣಕಿದೆ.

“ಸುಮ್ನಿರೇ. ನಿನ್ ಜೊತೆ ಸಂಸಾರ ಮಾಡೋಕೆ ಜಾರದಿರೋ ಅಟ್ಟೆನೇ ಬೇಕು.”

ರಿಪೇರಿ ಅಂಗಡಿಯ ಮುದುಕ ಬೂಟನ್ನು ತಿರುಗಿಸಿ ನೋಡಿದ. ಫ್ರಾನ್ಸಿನಲ್ಲಿ ಇದನ್ನು ಮಾಡಿದವರಿಗೇ ಕಳಿಸುತ್ತೇನೆ, ಹೊಸ ಅಟ್ಟೆ ಹಾಕಿ ಕೊಡುತ್ತಾರೆ ಎಂದ. ಒಳಅಟ್ಟೆಯನ್ನೂ ಬದಲಾಯಿಸಬೇಕೇ ಎಂದು ಕೇಳಿದ. ನಾನೂ ಬಗ್ಗಿ ನೋಡಿದೆ. ಐದು ಬೆರಳಿನ ಗುಳಿ, ಹಿಮ್ಮಡಿಯ ತಗ್ಗು, ಎಲ್ಲ ಕಪ್ಪಾಗಿ ಅಚ್ಚೊತ್ತಿತ್ತು.

“ಅದಿರ್ಲಿ ಬಿಡು, ಕಾಲಿಗೆ ಸರಿಯಾಗಿ ಕೂತಿದೆ,” ಎಂದರು ಇವರು.

“ವಾಸನೆ ರೀ! ಅದನ್ನೂ ತೆಗೆಸಿ. ಮನೆಗೆ ಬಂದೋರ ಮುಂದೆ ಮರ್ಯಾದೆ ಹೋಗುತ್ತೆ.”

ಇವರು ನಕ್ಕು, ಹೋಮ್ ಮಿನಿಸ್ಟರ್ ಆರ್ಡರ್ ಎಂದು ಮುದುಕನಿಗೆ ಹೇಳಿ ರಿಪೇರಿ ಚೀಟಿಗೆ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಕುಸಿದು ಬಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರಿರಲಿಲ್ಲ.

ಹನ್ನೆರಡನೆಯ ದಿನದ ದಾನಕ್ಕೆ ಕೊಡೆ, ಪಾದರಕ್ಷೆ ಬೇಕೆಂದರು ಪುರೋಹಿತರು. ಹೋದವರು ಬರಿಗಾಲಲ್ಲಿ ನಡೆಯಬಾರದಂತೆ. ಒಂದು ಹೊಸ ಜೊತೆ ಸಾಕಿತ್ತು. ಆದರೆ ಬೆಂಗಳೂರಿನಿಂದ ಬಂದಿದ್ದ ನಾದಿನಿ ರ‍್ಯಾಕಿನಲ್ಲಿದ್ದ ಚಪ್ಪಲಿ, ಬೂಟು ಎಲ್ಲವನ್ನೂ ಚೀಲಕ್ಕೆ ತುಂಬಿ, ದಾನದ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಕೊಟ್ಟುಬಂದಳು. “ನೋಡ್ತಾ ನೋಡ್ತಾ ಅಳ್ತಾ ಕೂರ್ತೀರ ಅತ್ತಿಗೆ,” ಎಂದಳು. ನಾನು ತಡೆಯಲಿಲ್ಲ.

ಮಾರನೆಯ ದಿನ ಖಾಲಿ ರ‍್ಯಾಕಿನ ಮುಂದೆ ನಿಂತಾಗ ಆ ಬೂಟು ನೆನಪಾಯಿತು. ಫೋಟೊಗಳಿವೆ, ಫೋನಿನಲ್ಲಿ ದನಿ ಇದೆ. ದಾನ ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ; ಅವರ ಮೈಯ ಆಕಾರ ಉಳಿದಿರುವುದು ಆ ಬೂಟಿನ ಒಳಅಟ್ಟೆಯೊಂದರಲ್ಲೇ. ಅದನ್ನು ತೆಗೆಸಿ ಎಂದವಳು ನಾನೇ.

ಉಟ್ಟ ಬಟ್ಟೆಯಲ್ಲೇ ರಿಪೇರಿ ಅಂಗಡಿಗೆ ಓಡಿದೆ. ಪಾರ್ಸಲ್ ಹಿಂದಿನ ವಾರವೇ ಹೋಗಿತ್ತು. ಮುದುಕ ನನ್ನ ಮುಂದೆಯೇ ಫ್ರಾನ್ಸಿಗೆ ಫೋನು ಮಾಡಿದ. ಆಗಸ್ಟ್ ಪೂರ್ತಿ ಬೂಟಿನ ಕಾರ್ಖಾನೆಗೆ ರಜೆ ಎಂದು ಅಲ್ಲಿನ ಆನ್ಸರಿಂಗ್ ಮಶೀನು ಹೇಳಿತು.

ಆ ರಜೆಯನ್ನೇ ನಂಬಿಕೊಂಡೆ. ಬೀಗ ಹಾಕಿದ ಕೋಣೆಯಲ್ಲಿ ಯಾರೂ ಮುಟ್ಟದೆ ಬೂಟು ಹಾಗೇ ಕೂತಿರುತ್ತದೆ. ಶಾಲೆಯಲ್ಲಿ ಫ್ರೆಂಚ್ ಕಲಿತಿದ್ದ ಮಗಳ ಕೈಲಿ ಕಾಗದ ಬರೆಸಿದೆ: ಅಟ್ಟೆ ಹಾಕಿ, ಹಾಕದೇ ಇರಿ, ಒಳಗಿನದನ್ನು ಮಾತ್ರ ಮುಟ್ಟಬೇಡಿ. ಒಂದಲ್ಲ, ನಾಲ್ಕು ಕಾಗದ. ಐದನೆಯದಕ್ಕೆ ಅವಳು ಪೆನ್ನು ಕೆಳಗಿಟ್ಟಳು.

“ಅಮ್ಮ, ಪ್ಲೀಸ್. ಇಟ್ಸ್ ಜಸ್ಟ್ ಲೆದರ್.”

“ನಿಮ್ಮಪ್ಪನ ಕಾಲು ಕಣೇ ಅದು.”

ಅವಳು ಮತ್ತೆ ಪೆನ್ನು ಎತ್ತಿಕೊಂಡಳು. ಆ ತಿಂಗಳು ನಾನು ಹೇಗೆ ಉಂಡೆ, ಹೇಗೆ ಮಲಗಿದೆ ಎಂಬುದು ನೆನಪಿಲ್ಲ. ದೇವರ ಮುಂದೆ ನಿಂತು ಬೇರೇನನ್ನೂ ಕೇಳಲಿಲ್ಲ. ಮನುಷ್ಯನನ್ನಂತೂ ವಾಪಸು ಕೊಡುವುದಿಲ್ಲ, ಅಷ್ಟಗಲದ ಚರ್ಮ ಕೊಡು ಎಂದೆ.

ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಬಂತು. ಕೈಹೊಲಿಗೆ ಹಳೆಯದೇ. ಎಡಗಾಲಿನ ಮೇಲೆ ಹುಳಿ ಚೆಲ್ಲಿದ ಕಲೆಯೂ ಹಾಗೇ ಇತ್ತು. ಕೈಯನ್ನು ಒಳಗೆ ತೂರಿಸಿದೆ. ನುಣ್ಣಗಿತ್ತು, ತಣ್ಣಗಿತ್ತು. ಜೊತೆಗಿದ್ದ ಚೀಟಿಯನ್ನು ಮಗಳು ನಿಧಾನವಾಗಿ ಓದಿ ಹೇಳಿದಳು. ನಿಮ್ಮ ಕಾಗದಗಳು ತಲುಪುವ ಮೊದಲೇ, ರಜೆಗೆ ಮುಂಚಿನ ದಿನ, ಕೆಲಸ ಮುಗಿದಿತ್ತು, ಹಳೆಯದನ್ನು ನಾವು ಇಟ್ಟುಕೊಳ್ಳುವುದಿಲ್ಲ, ಕ್ಷಮಿಸಿ.

ಬೂಟು ಈಗ ಬಾಗಿಲ ಪಕ್ಕದ ರ‍್ಯಾಕಿನಲ್ಲಿದೆ. ಅದರೊಳಗೆ ಅವರ ಬೆರಳಿನ ಗುರುತು ಇಲ್ಲ.